ಗೋಡೆಯ ಮೇಲಿನ ಎರಡು ಗಂಟೆ

ಎಂಬತ್ತರ ದಶಕದಲ್ಲಿ ಉರಿಗಾಂನ ಲೈನುಗಳಲ್ಲಿ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ಯಾರಿಗಾದರೂ ದೋಸೆ ಹಿಟ್ಟು ಬೇಕಾದರೆ ಪಾತ್ರೆ ಹಿಡಿದು ಪಾಪಕ್ಕನ ಮನೆಗೆ ಹೋಗುತ್ತಿದ್ದರು. ಬೆಳಗಿನ ಪಾಳಿಗೆ ಗಂಡಸರನ್ನು ಕಳಿಸಬೇಕಾದ ಹೆಂಗಸರು, ರುಬ್ಬಲು ಕೈಲಾಗದ ಮುದುಕಿಯರು, ಬಾಣಂತಿ ಇದ್ದ ಮನೆಯವರು, ಸ್ಟೇಷನ್ ರಸ್ತೆಯ ಟೀ ಅಂಗಡಿಯವರು, ಎಲ್ಲರೂ ಅವಳ ಗಿರಾಕಿಗಳೇ. ಉದ್ದು ಹೆಚ್ಚು ಹಾಕಿದ್ದಾಳೋ ಇಲ್ಲವೋ ಎಂದು ಯಾರೂ ಬೆರಳು ಅದ್ದಿ ನೋಡುತ್ತಿರಲಿಲ್ಲ. ಹಿಟ್ಟು ಹುಳಿಯಾಗಿದ್ದ ದಿನ ಅವಳೇ ಬಾಗಿಲಲ್ಲಿ ನಿಂತು, "ಇವತ್ತು ವಸಿ ಉಳಿ ಆಗೈತೆ, ಬೇಕಾದ್ರೆ ತಗಳ್ಳಿ" ಎನ್ನುತ್ತಿದ್ದಳು.

ಪಾಪಕ್ಕ ಕ್ಯಾಸಂಬಳ್ಳಿ ಕಡೆಯ, ತೆಲುಗು ಮಾತಾಡುವ ರೈತರ ಮನೆಯ ಹುಡುಗಿ. ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದಳು. ಮದುವೆಯಾಗಿ ಉರಿಗಾಂಗೆ ಬಂದಾಗ ಗಂಡ ಪೆರುಮಾಳ್ ಗಣಿಯ ಒಳಗಿನ ಕೆಲಸದಲ್ಲಿದ್ದ. ಅವನ ತಾತ ತಮಿಳು ಸೀಮೆಯಿಂದ ಚಿನ್ನದ ಗಣಿಗೆಂದು ಬಂದವನು. ಹೀಗಾಗಿ ಆ ಮನೆಯಲ್ಲಿ ಮೂರು ಭಾಷೆ. ಪಾಪಕ್ಕ ಬೈಯುವುದು ತೆಲುಗಿನಲ್ಲಿ, ತರಕಾರಿಯವನ ಹತ್ತಿರ ಚೌಕಾಸಿ ತಮಿಳಿನಲ್ಲಿ, ಮನಸ್ಸಿಗೆ ನಾಟುವಂತೆ ಏನಾದರೂ ಹೇಳಬೇಕಾದಾಗ ಕನ್ನಡ.

ಹಿಟ್ಟಿನ ವ್ಯಾಪಾರ ಬೆಳೆದಂತೆ ಅವಳ ಬಲ ಭುಜ ಸವೆದಿತ್ತು. ರುಬ್ಬುಗುಂಡು ತಿರುಗಿಸಿ ತಿರುಗಿಸಿ, ಕೈ ಮೇಲೆತ್ತಿ ತಲೆ ಬಾಚಿಕೊಳ್ಳಲೂ ಆಗದ ಸ್ಥಿತಿಗೆ ಬಂದಿದ್ದಳು. ಡಾಕ್ಟರು ಕಲ್ಲು ಮುಟ್ಟಬೇಡ ಎಂದರು. ಪೆರುಮಾಳನೂ, "ಪೋದುಂ ಪಾಪಾ, ಸಾಕು ಬಿಡು. ನನ್ ಸಂಬ್ಳದಾಗೆ ಆಗೋದಿಲ್ವಾ?" ಎಂದ. ಅವಳು ಬಿಡಲಿಲ್ಲ. ನಾಲ್ಕು ಜನ ತನ್ನ ಬಾಗಿಲಿಗೆ ಬಂದು ಕೇಳುವ ಒಂದು ಕೆಲಸ ಅವಳದಾಗಿತ್ತು. ಅದನ್ನು ಬಿಟ್ಟು ಸುಮ್ಮನೆ ಕೂರುವುದು ಅವಳಿಗೆ ಆಗದ ಮಾತು.

ಎಂಬತ್ತೆಂಟರ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮೈಕ್ ಕಟ್ಟಿದ ಜೀಪು ಲೈನುಗಳ ನಡುವೆ ಬಂತು. ಬೆಂಗಳೂರಿನ ಹೊಸ ಕಂಪನಿಯೊಂದು 'ಕಿನ್ನರಿ' ಎಂಬ ಚಿಕ್ಕ ಕರೆಂಟ್ ಗ್ರೈಂಡರ್ ಮಾಡಿತ್ತು. ಅಲ್ಲಿಯವರೆಗೆ ಕರೆಂಟ್ ಗ್ರೈಂಡರ್ ಎಂದರೆ ಹೋಟೆಲಿನವರ ಮನೆಯಲ್ಲಿ ಕೋಣೆಯ ಮೂಲೆಯನ್ನೇ ಹಿಡಿಯುವ ದೊಡ್ಡ ಯಂತ್ರ. ಇದೋ ಮಣೆಯ ಮೇಲೆ ಇಡುವಷ್ಟು ಚಿಕ್ಕದು. ಜೀಪಿನಲ್ಲಿ ಬಂದಿದ್ದ ಮಾರಾಟದ ಹುಡುಗ ಸೀನಪ್ಪ ಬಂಗಾರಪೇಟೆಯವನು. ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಗಂಟಲು. ಟೀ ಅಂಗಡಿಯಿಂದ ವೈರು ಎಳೆದು, ನಲ್ಲಿ ಕಟ್ಟೆಯ ಪಕ್ಕದಲ್ಲಿ ಯಂತ್ರ ಇಟ್ಟು, ಎಲ್ಲರೆದುರು ಅಕ್ಕಿ ರುಬ್ಬಿ ತೋರಿಸಿದ.

ಪಾಪಕ್ಕ ಕೊಡ ಕೆಳಗಿಟ್ಟು ಮುಂದೆ ಬಂದು ಕೇಳಿದಳು: "ಒಂದೇ ಸಮ ಎಷ್ಟೊತ್ತು ಓಡ್ತೈತಪ್ಪ? ನಂದು ಮನೆ ಮಟ್ಟಿನ ಕೆಲ್ಸ ಅಲ್ಲ."

ಸೀನಪ್ಪ ರಟ್ಟಿನ ಡಬ್ಬವನ್ನು ಎತ್ತಿ ಹಿಡಿದು ಅದರ ಮೇಲೆ ದಪ್ಪ ಅಕ್ಷರದಲ್ಲಿದ್ದ ಸಾಲನ್ನು ಬೆರಳಿನಿಂದ ತಟ್ಟಿದ. "ನಿಲ್ಲಿಸದೆ ಎರಡು ಗಂಟೆ. ಓದ್ಕೊಳಿ ಅಕ್ಕ. ಕಂಪ್ನಿಯೋರೇ ಅಚ್ಚಾಕ್ಸವ್ರೆ." ಆಮೇಲೆ ಅದೇ ಮಾತನ್ನು ಮೈಕಿನಲ್ಲಿ ತಮಿಳಿನಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಕೂಗಿದ. ಸ್ಟೇಷನ್ ರಸ್ತೆಯಲ್ಲಿ ಅಶ್ವತ್ಥಪ್ಪನ ಸೌದೆ ಡಿಪೋ ಇತ್ತು. ಅದರ ಉದ್ದನೆಯ ಗೋಡೆಯ ಮೇಲೆ ಅದೇ ವಾರ ಪೇಂಟರುಗಳು ಬಂದು ಆಳೆತ್ತರದ ಗ್ರೈಂಡರ್ ಚಿತ್ರ ಬಿಡಿಸಿ, ಕೆಳಗೆ ಹಳದಿ ಬಣ್ಣದಲ್ಲಿ 'ನಿಲ್ಲಿಸದೆ ಎರಡು ಗಂಟೆ' ಎಂದು ಬರೆದು ಹೋದರು.

ಪಾಪಕ್ಕ ತಿಂಗಳಿಗಿಷ್ಟೆಂದು ಕಟ್ಟುತ್ತಿದ್ದ ಚೀಟಿಯ ಹಣ ಎತ್ತಿದಳು. ಬಂಗಾರಪೇಟೆಗೆ ರೈಲಿನಲ್ಲಿ ಹೋಗಿ, ಸ್ಟೇಷನ್ ಹತ್ತಿರದ ಶ್ರೀನಿವಾಸಪ್ಪನವರ ಅಂಗಡಿಯಿಂದ ಕಿನ್ನರಿ ತಂದಳು. ಮೊದಲ ದಿನದ ಹಿಟ್ಟು ಬೆಣ್ಣೆಯ ಹಾಗಿತ್ತು. ಸುದ್ದಿ ಹಬ್ಬಿ ಹೆಂಗಸರು ನೋಡಲು ಬಂದರು. ಹೆಂಗಿದೆ ಎಂದು ಕೇಳಿದವರಿಗೆಲ್ಲ ಪಾಪಕ್ಕ ಒಂದೇ ಮಾತು ಹೇಳಿದಳು: "ಚೆನ್ನಾಗೈತೆ. ಎರಡು ಗಂಟೆ ಓಡ್ಸಿದ್ರೂ ಏನೂ ಆಗಲ್ವಂತೆ." ಆ 'ಅಂತೆ' ಯಾರ ಕಿವಿಗೂ ಬೀಳಲಿಲ್ಲ. ಪಾಪಕ್ಕ ಚೆನ್ನಾಗಿದೆ ಅಂದಳು ಎನ್ನುವುದಷ್ಟೇ ಬಿತ್ತು. ಬೇಸಿಗೆ ಬರುವ ಹೊತ್ತಿಗೆ ಉರಿಗಾಂನಲ್ಲಿ ಮನೆ ಮನೆಯಿಂದ ಗ್ರೈಂಡರಿನ ಗುರ್ ಸದ್ದು ಕೇಳುತ್ತಿತ್ತು. ಹಿಂದಿನ ಲೈನಿನ ಅಮ್ಮಾಜಮ್ಮನೂ ಒಂದು ತಂದಳು. ಗಂಡ ತೀರಿಕೊಂಡ ಮೇಲೆ ಶಾಲೆಯ ಹತ್ತಿರ ವಡೆ ಸುಟ್ಟು ಮಾರಿ ಜೀವನ ಮಾಡುತ್ತಿದ್ದ ಹೆಂಗಸು ಅವಳು.

ಪಾಪಕ್ಕನ ಯಂತ್ರ ಏಪ್ರಿಲ್ ತಿಂಗಳಲ್ಲಿ ಸುಟ್ಟಿತು. ಉದ್ದು ಅರ್ಧ ನುಣ್ಣಗಾಗಿತ್ತು. ಮೊದಲು ಅರಗು ಕರಗಿದಂಥ ವಾಸನೆ, ಆಮೇಲೆ ಕೆಳಗಿನಿಂದ ತೆಳುವಾದ ಹೊಗೆ. ಪೆರುಮಾಳ್ ಓಡಿಬಂದು ಸ್ವಿಚ್ಚು ಆರಿಸಿದ. ಮರುದಿನ ಅವನು ಯಂತ್ರವನ್ನು ಹೆಗಲ ಮೇಲೆ ಹೊತ್ತು ಸ್ಟೇಷನ್ನಿನವರೆಗೆ ತಂದು ಕೊಟ್ಟ. ಪಾಪಕ್ಕ ಅದನ್ನು ಕಾಲ ಬಳಿ ಇಟ್ಟುಕೊಂಡು ಬಂಗಾರಪೇಟೆಗೆ ಹೋದಳು.

ಶ್ರೀನಿವಾಸಪ್ಪನವರು ಐವತ್ತು ದಾಟಿದ ಮನುಷ್ಯ. ಮೊದಲು ರೇಡಿಯೋ, ಗಡಿಯಾರ ಮಾರುತ್ತಿದ್ದವರು, ಈಗ ಮಿಕ್ಸಿ, ಫ್ಯಾನು ಎಲ್ಲ ಇಟ್ಟಿದ್ದರು. ಯಂತ್ರವನ್ನು ಮೂಸಿ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು. "ಮೋಟ್ರು ಓಗೈತೆ. ಬಿಟ್ಟೋಗಮ್ಮ, ಕಂಪ್ನಿಯೋರು ಬೇರೆ ಆಕ್ಕೊಡ್ತಾರೆ. ಕಾಸೇನೂ ಬೇಡ."

ಪಾಪಕ್ಕನಿಗೆ ಸಮಾಧಾನವಾಯಿತು. ಹೊರಡಬೇಕು ಎನ್ನುವಾಗ ಅಂಗಡಿಯ ಗೋಡೆಗೆ ಒರಗಿಸಿದ್ದ ಹೊಸ ಡಬ್ಬಗಳು ಕಣ್ಣಿಗೆ ಬಿದ್ದವು. ಅಕ್ಷರ ಇದ್ದ ಜಾಗದಲ್ಲಿ ಬಿಳಿ ಕಾಗದ ಅಂಟಿಸಿತ್ತು. ಹತ್ತಿರ ಹೋಗಿ ಕೂಡಿಸಿ ಓದಿದಳು: 'ಒಂದು ಸಲಕ್ಕೆ ಇಪ್ಪತ್ತು ನಿಮಿಷ. ನಂತರ ತಣ್ಣಗಾಗಲು ಬಿಡಿ.'

"ಇದ್ಯಾವಾಗ ಬಂತು ಸಾವ್ಕಾರ್ರೆ?"

ಶ್ರೀನಿವಾಸಪ್ಪನವರು ಮುಚ್ಚಿಡಲಿಲ್ಲ. "ಓದ್ ತಿಂಗ್ಳು. ಅಲ್ಲಲ್ಲಿ ಸುಟ್ಟೋದ್ವಂತೆ. ಅದ್ಕೆ ತಿದ್ದವ್ರೆ. ಯಾರಾದ್ರೂ ತಂದು ಕೇಳುದ್ರೆ ಮೋಟ್ರು ಬದ್ಲಾಯ್ಸಿ ಕೊಡು ಅಂದವ್ರೆ."

"ಕೇಳ್ದೆ ಇರೋರ್ಗೆ?"

"ಕೇಳ್ದೆ ಇರೋರ್ಗೆ ನಾವೇನ್ ಮಾಡಾಕಾಗ್ತದಮ್ಮ?"

ರೈಲು ಕೋರಮಂಡಲ್ ಸ್ಟೇಷನ್ ದಾಟುವವರೆಗೂ ಆ ಮಾತು ಅವಳ ತಲೆಯಲ್ಲಿ ತಿರುಗುತ್ತಿತ್ತು. ಉರಿಗಾಂನಲ್ಲಿ ಇಳಿದವಳು ಮನೆಗೆ ಹೋಗದೆ ನೇರವಾಗಿ ಲೈನುಗಳಿಗೆ ಹೋದಳು. ಕಿನ್ನರಿ ಇದ್ದ ಮನೆಗಳಿಗೆಲ್ಲ ಹೋಗಿ, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ ಎಂದು ಹೇಳಿದಳು. ಕೆಲವರು ತಲೆಯಾಡಿಸಿದರು. ಹೆಚ್ಚಿನವರು ನಂಬಲಿಲ್ಲ. "ನೀನೇ ಅಲ್ವಾ ಎರಡು ಗಂಟೆ ಅಂದೋಳು?" ಎಂದಳು ಒಬ್ಬಳು. ಇನ್ನೊಬ್ಬಳು ನಗುತ್ತಾ, "ನಾವೆಲ್ಲ ಮನೇಲೇ ರುಬ್ಕೊಂಡ್ರೆ ನಿನ್ ಯಾಪಾರ ಓಗ್ತದಂತ ಇಂಗೇಳ್ತಿದ್ದೀಯಾ?" ಎಂದಳು. ಮತ್ತೊಂದು ಮನೆಯಲ್ಲಿ ಗಂಡಸು ಕಿಟಕಿಯಿಂದ ಸೌದೆ ಡಿಪೋದ ಕಡೆ ಕೈ ತೋರಿಸಿದ. ಅಷ್ಟು ದೊಡ್ಡದಾಗಿ ಬರೆದಿರುವಾಗ ಇವಳ ಮಾತು ಯಾಕೆ ಕೇಳಬೇಕು ಎನ್ನುವುದು ಅವನ ಅರ್ಥ.

ಅಮ್ಮಾಜಮ್ಮ ಅಂದು ಮನೆಯಲ್ಲಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ ಪಾಪಕ್ಕ ಮರುದಿನ ಹೋಗುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಶನಿವಾರದ ವಡೆಗೆಂದು ಅಮ್ಮಾಜಮ್ಮ ಬಹಳ ಹೊತ್ತು ರುಬ್ಬಿ, ಹಿಟ್ಟು ತೆಗೆಯಲು ಯಂತ್ರವನ್ನು ವಾಲಿಸಿದ್ದಳು. ಕೆಳಗಿನ ಪ್ಲಾಸ್ಟಿಕ್ ಕಾದು ಕರಗಿತ್ತು. ಅದು ಅವಳ ಅಂಗೈಗೆ ಅಂಟಿಕೊಂಡು ಚರ್ಮ ಎದ್ದು ಬಂದಿತ್ತು. ಕೈಗೆ ಬಟ್ಟೆ ಸುತ್ತಿಕೊಂಡು ಹೊಸಿಲಲ್ಲಿ ಕೂತಿದ್ದಳು.

ಪಾಪಕ್ಕ ಪಕ್ಕದಲ್ಲಿ ಕೂತಾಗ ಅವಳು ಕಿರುಚಾಡಲಿಲ್ಲ. ನಿಧಾನವಾಗಿ ಹೇಳಿದಳು: "ನಾನೇನು ಕಂಪ್ನಿಯೋರ ಮುಖ ನೋಡಿ ತಗಳ್ಲಿಲ್ಲ ಪಾಪಕ್ಕ. ನಿನ್ ಮುಖ ನೋಡಿ ತಗಂಡೆ."

ಪಾಪಕ್ಕ ಎದ್ದು ಬಂದಳು. ಆ ವಾರವೆಲ್ಲ ಅಮ್ಮಾಜಮ್ಮನ ವಡೆಗೆ ಬೇಕಾದ ಹಿಟ್ಟನ್ನು ನೋಯುವ ಭುಜದಲ್ಲೇ ಕಲ್ಲಿನಲ್ಲಿ ರುಬ್ಬಿ ಕಳಿಸಿದಳು. ಅಮ್ಮಾಜಮ್ಮ ಹಿಟ್ಟು ತೆಗೆದುಕೊಂಡಳು, ಮಾತಾಡಲಿಲ್ಲ.

"ಬೆಂಗ್ಳೂರ್ಗೆ ಓಗ್ಬತ್ತೀನಿ" ಎಂದು ಪಾಪಕ್ಕ ಗಂಡನಿಗೆ ಹೇಳಿದಳು. ಪೆರುಮಾಳ್ ಬೇಡವೆನ್ನಲಿಲ್ಲ. ಅವನು ಆ ದಿನ ರಜೆ ಹಾಕಿ ಜೊತೆಗೆ ಬಂದ, ಕಂಪನಿಯ ಗೇಟಿನ ತನಕ. "ಒಳಗೆ ನೀನೇ ಮಾತಾಡು. ನಂಗೆ ಕೋಪ ಬತ್ತದೆ" ಎಂದು ಹೊರಗೆ ಬೀಡಿ ಹಚ್ಚಿ ನಿಂತ.

ಮ್ಯಾನೇಜರು ಕೆಟ್ಟವರೇನಲ್ಲ. ಕುರ್ಚಿ ಕೊಟ್ಟು, ಕಾಫಿ ತರಿಸಿ, ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಅಮ್ಮಾಜಮ್ಮನ ಕೈಯ ಸುದ್ದಿ ಕೇಳಿ ಅವರ ಮುಖ ಇಳಿಯಿತು. "ನೋಡಿಯಮ್ಮ, ಸುಳ್ಳು ಹೇಳಬೇಕು ಅಂತ ನಾವು ಬರೆಸಿದ್ದಲ್ಲ. ಇಲ್ಲಿ ಪರೀಕ್ಷೆ ಮಾಡಿದಾಗ ಎರಡು ಗಂಟೆ ಓಡಿತ್ತು. ಹೊರಗೆ ಹೋದಮೇಲೆ ವೋಲ್ಟೇಜ್ ಏರುಪೇರು, ಬೇಸಿಗೆಯ ಸೆಖೆ, ಇದೆಲ್ಲ ಸೇರಿ ತಡೆಯಲಿಲ್ಲ. ಗೊತ್ತಾದ ಕೂಡಲೇ ತಿದ್ದಿದ್ದೀವಿ."

"ತಿದ್ದಿದ್ದು ಒಳ್ಳೇದೇ ಆಯ್ತು ಸಾರ್. ಆದ್ರೆ ಅದು ಯಾರ್ಗೆ ಗೊತ್ತು?"

"ಈಗ ಡಬ್ಬದ ಮೇಲೆ ಇದೆಯಲ್ಲ. ಕೊಳ್ಳುವವರು ಓದುತ್ತಾರೆ."

"ಅವ್ರು ಇನ್ನೂ ಕೊಂಡಿಲ್ಲ ಸಾರ್. ಕೊಂಡೋರು ನಾವು. ನಮ್ ಡಬ್ಬದ ಮೇಲೆ ಎರಡು ಗಂಟೆ ಅಂತ್ಲೇ ಐತೆ. ಮಾರೋವಾಗ ಮೈಕಲ್ಲಿ ಕೂಗಿದ್ರಿ. ಈಗ್ಲೂ ಅಂಗೇ ಜೀಪು ಕಳ್ಸಿ, ಮೈಕಲ್ಲೇ ಏಳ್ಸಿ."

ಮ್ಯಾನೇಜರು ಮೇಜಿನ ಮೇಲಿದ್ದ ಕನ್ನಡಕವನ್ನು ತೆಗೆದು ಮತ್ತೆ ಇಟ್ಟರು. ಹಾಗೆ ಕೂಗಿಸಿದರೆ ಒಂದೇ ಒಂದು ಗ್ರೈಂಡರ್ ಮಾರಾಟವಾಗುವುದಿಲ್ಲ, ಕಂಪನಿ ಇನ್ನೂ ಎಳೆಯದು, ಮೇಲಿನವರು ಒಪ್ಪುವುದಿಲ್ಲ ಎಂದರು. ಅವಳಿಗೂ ಅಮ್ಮಾಜಮ್ಮನಿಗೂ ಹೊಸ ಯಂತ್ರ ಕಳಿಸುತ್ತೇನೆ ಎಂದೂ ಹೇಳಿದರು.

"ನಮ್ಮಿಬ್ರಿಗೆ ಕೊಟ್ರೆ ನಾವು ಸುಮ್ಕಾಗ್ತೀವಿ ಅಂತಾನಾ?" ಎಂದು ಕೇಳಿದಳು ಪಾಪಕ್ಕ. ಅವಳು ಕೈಮುಗಿದು ಹೊರಗೆ ಬಂದಳು. ವಾಪಸು ಬರುವಾಗ ರೈಲಿನಲ್ಲಿ ಪೆರುಮಾಳ್ ಏನಾಯಿತೆಂದು ಎರಡು ಸಲ ಕೇಳಿದ. "ಆಗ್ಲಿಲ್ಲ. ಬೇರೆ ದಾರಿ ನೋಡ್ಬೇಕು" ಎಂದಷ್ಟೇ ಹೇಳಿ ಕಿಟಕಿಯ ಹೊರಗೆ ನೋಡುತ್ತಾ ಕೂತಳು.

ಆ ದಾರಿ ಅವಳಿಗೆ ಉರಿಗಾಂ ಸ್ಟೇಷನ್ನಿನಿಂದ ಮನೆಗೆ ನಡೆಯುವಾಗಲೇ ಹೊಳೆಯಿತು. ಸೌದೆ ಡಿಪೋದ ಮುಂದೆ ನಿಂತುಬಿಟ್ಟಳು. ಡಬ್ಬ ತಿದ್ದಿದವರು ಗೋಡೆ ತಿದ್ದಿರಲಿಲ್ಲ. ಹಳದಿ ಅಕ್ಷರಗಳು ಬಿಸಿಲಿಗೆ ಇನ್ನೂ ಮಾಸಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅಶ್ವತ್ಥಪ್ಪನ ಹತ್ತಿರ ಹೋಗಿ ವಿಷಯ ಹೇಳಿ ಅಪ್ಪಣೆ ಕೇಳಿದಳು. ಅಶ್ವತ್ಥಪ್ಪ ಸೌದೆ ತೂಗುವುದನ್ನು ನಿಲ್ಲಿಸಿದ. "ಗೋಡೆ ನಂದು, ಅಕ್ಷರ ಅವ್ರದು. ಬರಿ ಅಂತ ನಾನು ಏಳಲ್ಲ. ಬೇಡ ಅಂತ್ಲೂ ಏಳಲ್ಲ" ಎಂದು ಮತ್ತೆ ತಕ್ಕಡಿಯ ಕಡೆ ತಿರುಗಿದ. ಅಷ್ಟು ಸಾಕಾಗಿತ್ತು.

ಪಾಪಕ್ಕ ಸುಣ್ಣ ಕಲಸಿದಳು. ಬಲಗೈ ಮೇಲೇಳದ್ದರಿಂದ ಎಡಗೈಯಲ್ಲೇ ತೆಂಗಿನ ನಾರಿನ ಕುಂಚ ಹಿಡಿದು 'ಎರಡು ಗಂಟೆ' ಎಂಬಷ್ಟನ್ನು ಮಾತ್ರ ಅಳಿಸಿದಳು. ಗ್ರೈಂಡರಿನ ಚಿತ್ರವನ್ನೂ ಕಂಪನಿಯ ಹೆಸರನ್ನೂ ಮುಟ್ಟಲಿಲ್ಲ. ಸುಣ್ಣ ಒಣಗಿದ ಮೇಲೆ ಕೆಮ್ಮಣ್ಣು ಕಲಸಿ, ಎಡಗೈಯಲ್ಲೇ ಬರೆಯಲು ಶುರುಮಾಡಿದಳು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಪಾಳಿ ಮುಗಿಸಿ ಬಂದ ಗಂಡಸರು ಸೈಕಲ್ ಇಳಿದು ನೋಡಿದರು. 'ಇಪ್ಪತ್ತು' ಬರೆಯುವಷ್ಟರಲ್ಲಿ ಅವಳ ಎಡಗೈಯೂ ಸೋತು, ಡಬ್ಬಿಗೆ ಬಗ್ಗಿ ಬಗ್ಗಿ ಏಳುವುದು ಕಷ್ಟವಾಗಿತ್ತು. ಆಗ ಪೆರುಮಾಳ್ ಗುಂಪಿನಿಂದ ಬಂದು ಕೆಮ್ಮಣ್ಣಿನ ಡಬ್ಬಿಯನ್ನು ಅವಳ ಎತ್ತರಕ್ಕೆ ಹಿಡಿದು ನಿಂತ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವಳು 'ನಿಮಿಷ' ಬರೆದು ಮುಗಿಸುವವರೆಗೂ ಕೈ ಇಳಿಸಲಿಲ್ಲ. ಕನ್ನಡ ಬಾರದವರಿಗೆ ಓದಿದವರು ಓದಿ ಹೇಳಿದರು. ಅವಳು ಮನೆ ಮನೆಗೆ ಹೋಗಿ ಹೇಳಿದಾಗ ನಕ್ಕಿದ್ದವರು ಈಗ, "ಯಾಕೆ ಅಳಿಸ್ದೆ? ಏನಾಯ್ತು?" ಎಂದು ತಾವಾಗಿಯೇ ಕೇಳಿದರು. ಕೇಳಿದವರಿಗೆಲ್ಲ ಅವಳು ಬಂಗಾರಪೇಟೆಯಲ್ಲಿ ಕಂಡ ಬಿಳಿ ಕಾಗದದ ವಿಷಯ ಹೇಳಿದಳು.

ವಾರದೊಳಗೆ ಸೀನಪ್ಪ ಜೀಪಿನಲ್ಲಿ ಬಂದ. ಗೋಡೆ ನೋಡಿ ಅವನ ಮುಖ ಕೆಂಪಾಯಿತು. ಪಾಪಕ್ಕನನ್ನು ಕರೆಸಿ, "ಅಕ್ಕ, ಕಂಪ್ನಿ ಜಾಹೀರಾತು ಕೆಡ್ಸೋದು ತಪ್ಪು. ಪೊಲೀಸ್ ಕಂಪ್ಲೇಂಟ್ ಕೊಡ್ತೀವಿ" ಎಂದ.

ಪಾಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಗೋಡೆಯ ಮುಂದೆ ನಿಂತಳು. "ಕೊಡಪ್ಪ. ಅದ್ಕೂ ಮುಂಚೆ ಇಲ್ಲಿರೋರ ಮುಂದೆ ಒಂದು ಮಾತು ಏಳು. ನಾನು ಬರ್ದಿರೋದು ಸುಳ್ಳಾ? ಸುಳ್ಳು ಅನ್ನು, ಈಗ್ಲೇ ಈ ಸೆರಗಲ್ಲೇ ಒರ್ಸಿ, ನಿಮ್ ಎರಡು ಗಂಟೇನ ನಾನೇ ಬರ್ಕೊಡ್ತೀನಿ."

ಸೀನಪ್ಪ ಸುತ್ತಲೂ ನೋಡಿದ. ಜನರ ನಡುವೆ ಅಮ್ಮಾಜಮ್ಮನೂ ಇದ್ದಳು. ಅವಳು ಮುಂದೆ ಬಂದು, ಕೈಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಅಂಗೈಯನ್ನು ಅವನ ಮುಂದೆ ಹಿಡಿದಳು. ಸೀನಪ್ಪ ಅದನ್ನು ನೋಡಿ ಕಣ್ಣು ಕೆಳಗೆ ಮಾಡಿದ.

"ಸುಳ್ಳಲ್ಲ" ಎಂದ ಮೆಲ್ಲಗೆ.

"ಇದೇ ಮಾತು ಮೈಕಲ್ಲಿ ಏಳು."

"ನಾನು ಸಂಬ್ಳಕ್ಕಿರೋನು ಅಕ್ಕ. ಕೇಳ್ದೆ ಏಳಾಕಾಗಲ್ಲ."

"ಕೇಳ್ಕೊಂಡು ಬಾ. ನಾನೇನು ಎಲ್ಗೂ ಓಗಲ್ಲ."

ಸೀನಪ್ಪ ಬಂಗಾರಪೇಟೆಗೆ ಹೋಗಿ ನಡೆದದ್ದನ್ನೆಲ್ಲ ಶ್ರೀನಿವಾಸಪ್ಪನವರಿಗೆ ಹೇಳಿದ. ಹಿಂದಿನ ಎರಡು ಮೂರು ದಿನಗಳಲ್ಲಿ ಉರಿಗಾಂ, ಕೋರಮಂಡಲ್ ಕಡೆಯಿಂದ ಬಂದ ಗಿರಾಕಿಗಳು ಫ್ಯಾನು ಕೊಳ್ಳುವಾಗಲೂ ಡಬ್ಬವನ್ನು ಹಿಂದೆ ಮುಂದೆ ತಿರುಗಿಸಿ, ಎಲ್ಲಾದರೂ ಕಾಗದ ಅಂಟಿಸಿದೆಯೇ ಎಂದು ನೋಡಿದ್ದನ್ನು ಅವರು ಗಮನಿಸಿದ್ದರು. ಒಬ್ಬ ಹಳೆಯ ಗಿರಾಕಿಯಂತೂ, "ನಿಮ್ಗೆ ಗೊತ್ತಿತ್ತಲ್ಲ ಸಾವ್ಕಾರ್ರೆ, ನಮ್ಗ್ಯಾಕೆ ಏಳ್ಲಿಲ್ಲ?" ಎಂದು ನೇರವಾಗಿ ಕೇಳಿಬಿಟ್ಟಿದ್ದ. ಆ ಮಾತು ಅವರನ್ನು ಕಾಡುತ್ತಿತ್ತು.

ಅವರು ಬೆಂಗಳೂರಿಗೆ ಫೋನು ಮಾಡಿದರು. ಮೈಕಿನಲ್ಲಿ ಹೇಳಿಸದಿದ್ದರೆ ಅಂಗಡಿಯಲ್ಲಿರುವ ಕಿನ್ನರಿಗಳನ್ನೆಲ್ಲ ಲಾರಿಗೆ ಹಾಕಿ ವಾಪಸು ಕಳಿಸುತ್ತೇನೆ ಎಂದರು. ಆ ಕಡೆಯಿಂದ ಮ್ಯಾನೇಜರು ಸಮಜಾಯಿಷಿ ಕೊಡುತ್ತಲೇ ಇದ್ದರು. ಶ್ರೀನಿವಾಸಪ್ಪನವರು ಅಡ್ಡಬಾಯಿ ಹಾಕಿ, "ಸಾರ್, ನಿಮ್ ಕಂಪ್ನಿ ಯಾವ್ ಊರಾಗೈತೆ ಅಂತ ಇಲ್ಲಿ ಯಾರ್ಗೂ ಗೊತ್ತಿಲ್ಲ. ನನ್ ಅಂಗ್ಡಿ ಎಲ್ಲೈತೆ ಅಂತ ಎಲ್ರಿಗೂ ಗೊತ್ತು" ಎಂದು ಫೋನು ಇಟ್ಟರು. ಮಾತು ಬೆಂಗಳೂರಿನಲ್ಲಿ ಮೇಲಿನವರೆಗೂ ಹೋಗಿರಬೇಕು. ನಾಲ್ಕೈದು ದಿನ ಕಳೆದ ಮೇಲೆ ಒಪ್ಪಿಗೆ ಬಂತು.

ಜೀಪು ಮತ್ತೆ ಉರಿಗಾಂಗೆ ಬಂತು. ಅದೇ ನಲ್ಲಿ ಕಟ್ಟೆಯ ಹತ್ತಿರ ನಿಂತಿತು. ಸೀನಪ್ಪ ಗಂಟಲು ಸರಿಮಾಡಿಕೊಂಡು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹೇಳಿದ: ಎರಡು ಗಂಟೆ ಎಂದದ್ದು ತಪ್ಪಾಗಿತ್ತು, ಇಪ್ಪತ್ತು ನಿಮಿಷಕ್ಕೆ ನಿಲ್ಲಿಸಬೇಕು, ಯಾರು ಯಂತ್ರ ತಂದರೂ ಬಿಸಿಯಾದಾಗ ತಾನೇ ನಿಲ್ಲುವ ಮೋಟಾರು ಹಾಕಿಕೊಡುತ್ತಾರೆ, ಬೇಡವೆಂದವರು ಯಂತ್ರವನ್ನೇ ವಾಪಸು ಕೊಟ್ಟು ಹಣ ಪಡೆಯಬಹುದು. ಮೊದಲ ಸಲ ಹೇಳುವಾಗ ಅವನ ದನಿ ತಡವರಿಸಿತು. ಕೋರಮಂಡಲ್ ತಲುಪುವ ಹೊತ್ತಿಗೆ ಸರಾಗವಾಗಿತ್ತು. ಕ್ಯಾಸಂಬಳ್ಳಿಯವರೆಗೂ ಹೋಗಿ ಕೂಗಿಕೊಂಡು ಬಂದ.

ಮ್ಯಾನೇಜರು ಹೆದರಿದ್ದು ಪೂರ್ತಿ ಸುಳ್ಳಾಗಲಿಲ್ಲ. ಸುಮಾರು ಜನ ಯಂತ್ರ ವಾಪಸು ಕೊಟ್ಟರು. ಆ ವರ್ಷದ ದೀಪಾವಳಿಗೆ ಬಂಗಾರಪೇಟೆಯಲ್ಲಿ ಕಿನ್ನರಿ ಕೇಳಿದವರೇ ಕಡಿಮೆ. ಶ್ರೀನಿವಾಸಪ್ಪನವರ ಅಂಗಡಿಯ ಜನ ಮಾತ್ರ ಕಡಿಮೆಯಾಗಲಿಲ್ಲ. ಬಂದವರು ಈಗ ಬೇರೆ ರೀತಿಯ ಪ್ರಶ್ನೆ ಕೇಳುತ್ತಿದ್ದರು: ಇದರಲ್ಲಿ ತೊಂದರೆ ಏನೇನಿದೆ, ಮೊದಲು ಅದನ್ನು ಹೇಳಿ. ಗೊತ್ತಿದ್ದಷ್ಟನ್ನು ಅವರು ಹೇಳುತ್ತಿದ್ದರು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದರು. ಹಾಗೆನ್ನುವುದು ಅವರಿಗೆ ಮೊದಮೊದಲು ಕಷ್ಟವೇ ಆಯಿತು.

ಪಾಪಕ್ಕ ಅಂಗಡಿಯಲ್ಲಿ ಬಿಟ್ಟುಬಂದಿದ್ದ ತನ್ನ ಯಂತ್ರವನ್ನು ಬೇಡವೆನ್ನಲಿಲ್ಲ. ಹೊಸ ಮೋಟಾರು ಹಾಕಿಸಿಕೊಂಡಳು. ಇಪ್ಪತ್ತು ನಿಮಿಷ ಓಡಿಸಿ, ತಣ್ಣಗಾಗುವ ತನಕ ಅಕ್ಕಿ ತೊಳೆದು, ಬೇಳೆ ಆರಿಸಿ, ಮತ್ತೆ ಓಡಿಸುವಳು. ಕೆಲಸ ನಿಧಾನವಾಯಿತು, ಆದರೆ ಭುಜ ಉಳಿಯಿತು.

ಅಮ್ಮಾಜಮ್ಮನ ಅಂಗೈ ವಾಸಿಯಾಗುವ ಹೊತ್ತಿಗೆ ಮಳೆಗಾಲ ಬಂದಿತ್ತು. ಕಂಪನಿಯವರು ಔಷಧಿಯ ಖರ್ಚು ಕೊಟ್ಟು, ಹೊಸ ಯಂತ್ರವನ್ನೂ ಕಳಿಸಿದ್ದರು. ಅವಳು ಡಬ್ಬ ಬಿಚ್ಚದೆ ಹಿಂದಕ್ಕೆ ಕಳಿಸಿದಳು. ಮಾರನೆಯ ದಿನ ಪಾತ್ರೆ ಹಿಡಿದು ಪಾಪಕ್ಕನ ಬಾಗಿಲಿಗೆ ಬಂದಳು.

"ವಡೆಗೆ ದಿನಾ ನೀನೇ ರುಬ್ಬಿ ಕೊಡು. ಪುಗ್ಸಟ್ಟೆ ಬೇಡ, ಎಲ್ರಿಗೂ ಕೊಡೋ ಅಂಗೆ ಕೊಡು" ಎಂದಳು. ಇಷ್ಟು ದಿನದ ಮೇಲೆ ಅವಳು ಆಡಿದ ಮೊದಲ ಮಾತು ಅದು.

ಪಾಪಕ್ಕ ಪಾತ್ರೆ ಈಸಿಕೊಂಡಳು. "ಗಟ್ಟಿಗೆ ರುಬ್ಬಲಾ, ವಸಿ ಸಡ್ಲ ಬಿಡಲಾ?"

"ಗಟ್ಟಿಗೇ ಇರ್ಲಿ" ಎಂದು ಅಮ್ಮಾಜಮ್ಮ ಹೊಸಿಲಿನ ಮೇಲೆ ಕೂತಳು, ಹಿಟ್ಟು ಆಗುವವರೆಗೆ.